ಕಣಜಕ್ಕೆ ಇಳಿಯದ ಮಾತು

"ಅಜ್ಜೀ, ನಿನ್ನೆ ಉಪ್ಪಿಟ್ಟಿಗಿಂತ ಇವತ್ತಿನ ದೋಸೆ ಎಷ್ಟೋ ವಾಸಿ. ನಿನ್ನೇದನ್ನ ಗೋಡೆ ಬಿರುಕಿಗೆ ಮೆತ್ತಬಹುದಿತ್ತು."

ಹೀಗೆಂದದ್ದು ಸಿಂಚನಳ ಬಾಯಲ್ಲ. ಕಿವಿಯ ಹಿಂದೆ, ಜಡೆಯ ಮರೆಯಲ್ಲಿ ಅಂಟಿಕೊಂಡಿದ್ದ ಮಾತುಪಟ್ಟಿ. ಹುಟ್ಟುವಾಗ ಉಸಿರು ಕಟ್ಟಿ ಕೈಕಾಲು, ನಾಲಗೆ ಯಾವುದೂ ಹತೋಟಿಗೆ ಬಾರದ ಆ ಹುಡುಗಿ ಗಾಲಿಕುರ್ಚಿಯಲ್ಲಿ ಒಂದು ಕಡೆಗೆ ವಾಲಿ ಕುಳಿತಿದ್ದಳು. ಹನ್ನೆರಡು ವರ್ಷದವಳ ಧ್ವನಿ ಮಾತ್ರ ಅಡುಗೆಮನೆಯವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಮೊಮ್ಮಗಳ ನಾಲಗೆ ನೋಡೇ ನಾಗು" ಎಂದಳು ಹಾಲಮ್ಮ ಕಾವಲಿಯ ಮುಂದಿನಿಂದ. "ಥೇಟ್ ಅವರಪ್ಪಂದೇ."

ಸಿಂಚನಳ ತಾಯಿ ನಾಗವೇಣಿ ನಗಲಿಲ್ಲ. ಅವಳು ಟಿ.ವಿ. ಪಕ್ಕದ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮನೆಕಣಜದ ದೀಪವನ್ನೇ ನೋಡುತ್ತಿದ್ದಳು. ಲಾಡು ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಹಸಿರಾಗಿರಬೇಕಿದ್ದ ಅದರ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ ವಾರಗಳೇ ಆಗಿದ್ದವು. ಪುಟ್ಟ ಪರದೆಯ ಮೇಲೆ ದಿನವೂ ಅದೇ ಸಾಲು: "ನಕಲು ತಾಳೆಯಾಗಲಿಲ್ಲ. ಮತ್ತೆ ಪ್ರಯತ್ನಿಸಿ."

ಮಾತುಪಟ್ಟಿ ಕೆಲಸ ಮಾಡುವ ಬಗೆ ಹೀಗಿತ್ತು. ಮನುಷ್ಯ ಮಾತಾಡುವ ಮೊದಲು ಆ ಮಾತು ಮಿದುಳಿನಿಂದ ಹೊರಟು ತುಟಿ, ಗಂಟಲುಗಳ ನರಗಳಿಗೆ ಬಂದು ನಿಲ್ಲುತ್ತದೆ. ಸ್ನಾಯು ಕೈಕೊಟ್ಟವರಲ್ಲಿ ಅದು ಅಲ್ಲೇ ಸಾಯುತ್ತದೆ. ಪಟ್ಟಿ ಆ ಅಲೆಗಳನ್ನು ಹಿಡಿದು ಧ್ವನಿಯಾಗಿಸುತ್ತದೆ. ಆದರೆ ಒಬ್ಬರ ಅಲೆ ಇನ್ನೊಬ್ಬರಂತಿಲ್ಲ. ಆದ್ದರಿಂದ ಪಟ್ಟಿ ತನ್ನನ್ನು ಧರಿಸಿದವರ ಜೊತೆ ಮಗುವಿನಂತೆ ಕಲಿಯುತ್ತಾ ಬೆಳೆಯಬೇಕು. ಯಾವ ಕಂಪನಕ್ಕೆ ಯಾವ ಪದ, ಯಾವ ಪದದ ಪಕ್ಕಕ್ಕೆ ಯಾವುದು ಎಂಬ ಜಾಲಕ್ಕೆ ಮಾತಿನ ಹೆಣಿಗೆ ಎಂದು ಹೆಸರು. ಧರಿಸಿದವರ ವಯಸ್ಸಿನ ಜೊತೆ ಪಟ್ಟಿಯ ಧ್ವನಿಯೂ ಬಲಿಯುತ್ತದೆ. ಮನಸ್ಸಿನ ಮಾತು ಮನೆಯ ಹೊಸ್ತಿಲು ದಾಟಬಾರದೆಂದು ಕಾನೂನಿತ್ತು. ಹಾಗಾಗಿ ಹೆಣಿಗೆಯ ನಕಲು ಕಂಪನಿಯ ದೂರದ ಯಂತ್ರಗಳಿಗೆ ಹೋಗುವಂತಿರಲಿಲ್ಲ. ಪ್ರತಿ ಸಂಜೆ ಹಿಂದಿನ ನಕಲು ಅಳಿದು, ಹೊಸದು ಮನೆಯ ವೈಫೈ ಮೂಲಕ ಮನೆಯಲ್ಲೇ ಇರುವ ಈ ಕಣಜಕ್ಕೆ ಇಳಿಯಬೇಕು.

ಇಳಿಯುತ್ತಿರಲಿಲ್ಲ. ಪಟ್ಟಿಯ ಬ್ಯಾಟರಿಯಾದರೋ ಕೊನೆಯುಸಿರು ಎಳೆಯುತ್ತಿತ್ತು. ತಿಂಗಳ ಕೊನೆಗೆ ಅದನ್ನು ತೆಗೆದು ಹೊಸದನ್ನು ಕೂರಿಸಬೇಕೆಂದು ದಿನ ಗೊತ್ತಾಗಿತ್ತು. ಅಷ್ಟರಲ್ಲಿ ನಕಲು ಪೂರ್ತಿಯಾಗದಿದ್ದರೆ ಹೊಸ ಪಟ್ಟಿಗೆ ತುಂಬಲು ಏನೂ ಇಲ್ಲ. ಸಿಂಚನ ಮತ್ತೆ, ಪಟ್ಟಿ ಬರುವ ಮುಂಚಿನ ಐದು ವರ್ಷದ ಮೂಗಿಯಾಗುತ್ತಾಳೆ. "ನೀರು" ಅನ್ನುವುದರಿಂದ ಶುರು.

ಕೊಬ್ಬರಿ ಎಣ್ಣೆ ಮಿಲ್ಲಿನ ಪರೀಕ್ಷಾ ವಿಭಾಗದಲ್ಲಿ ಎರಡು ಪಾಳಿ ದುಡಿದು ಬಂದ ಮೇಲೆ ನಾಗವೇಣಿಗೆ ಉಳಿಯುತ್ತಿದ್ದ ಶಕ್ತಿಯನ್ನೆಲ್ಲ ಆ ಪೆಟ್ಟಿಗೆ ತಿಂದುಹಾಕಿತ್ತು. ಸಹಾಯವಾಣಿಯವನು ಪ್ರತಿ ಸಲವೂ ಮೊದಲ ಸಲವೆಂಬಂತೆ ಮಾತಾಡುತ್ತಿದ್ದ.

"ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಮಾಡಿದೀನಿ ಕಣಪ್ಪ. ಮಾಡಿ ಮಾಡಿ ಸ್ವಿಚ್ ಸಡಿಲ ಆಗೈತೆ."

"ರೂಟರ್ ಹತ್ರ ಇಟ್ಟಿದೀರಾ?"

"ರೂಟರ್ ತಲೆ ಮೇಲೇ ಕೂರಿಸಿದೀನಿ."

"ಹಂಗಾದ್ರೆ ಜಾಗ ಸಾಲ್ತಿಲ್ಲ ಅನ್ಸುತ್ತೆ ಮೇಡಂ. ಹಳೇ ಫೈಲು ಏನಾದ್ರೂ ಇದ್ರೆ ಡಿಲೀಟ್ ಮಾಡಿ ನೋಡಿ."

ಅವನು ಹೇಳಿದ್ದನ್ನು ನಂಬಿ ಅವಳು ಗೃಹಪ್ರವೇಶದ ವಿಡಿಯೊ ಅಳಿಸಿದ್ದಳು. ಅದರಲ್ಲಿ ಗಂಡ ಗಂಗಾಧರ ಹಾಲು ಉಕ್ಕುವುದನ್ನು ನೋಡುತ್ತಾ ನಿಂತಿದ್ದ. ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಗೊತ್ತಾಗದೆ ಮೂಗು ಕೆರೆದುಕೊಂಡಿದ್ದ. ಅದೊಂದು ತುಣುಕಿಗಾಗಿ ಅವಳು ಆಗಾಗ ಆ ವಿಡಿಯೊ ಹಾಕಿ ನೋಡುತ್ತಿದ್ದಳು. ಅದು ಹೋಯಿತು. ದೀಪ ಕಿತ್ತಳೆಯಾಗಿಯೇ ಉಳಿಯಿತು.

ಕೊನೆಗೆ ಹಾಸನದ ವಾಕ್ ಕೇಂದ್ರಕ್ಕೆ ಫೋನು ಮಾಡಿ ಅತ್ತುಬಿಟ್ಟಳು. ಪಟ್ಟಿಯನ್ನು ರೂಪಿಸಿದ ತಂಡದಲ್ಲಿದ್ದ ಡಾ. ನಫೀಸಾ ಭಾನುವಾರ ಮಧ್ಯಾಹ್ನ ತಾವೇ ಅರಸೀಕೆರೆಗೆ ಬಂದರು. ನರೆಗೂದಲು, ಹೆಗಲಿಗೊಂದು ಬಟ್ಟೆ ಚೀಲ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಸಿಂಚನಳ ಎದುರು ನೆಲದ ಮೇಲೆ ಕುಳಿತರು.

"ಏನ್ರೀ ಸಿಂಚನ, ನನ್ನ ಪಟ್ಟಿ ಸರಿಯಾಗಿ ಕೆಲಸ ಮಾಡ್ತಿದೆಯಾ?"

"ಪಟ್ಟಿ ಸರೀಗೈತೆ ಮೇಡಂ. ಪೆಟ್ಟಿಗೆ ಮುನಿಸ್ಕೊಂಡೈತೆ. ಅಮ್ಮ ದಿನಾ ರಮಿಸ್ತಾಳೆ, ಕೇಳಲ್ಲ."

ನಫೀಸಾ ನಕ್ಕರು. ಚೀಲದಿಂದ ಪುಸ್ತಕದಗಲದ ಪರದೆಯಿದ್ದ ಫಲಕವನ್ನು ತೆಗೆದು ಒಂದು ತಂತಿಯನ್ನು ಕಣಜಕ್ಕೂ ಇನ್ನೊಂದನ್ನು ಪಟ್ಟಿಗೂ ಸಿಕ್ಕಿಸಿದರು. ನಾಗವೇಣಿ ಕೈಕಟ್ಟಿ ನಿಂತಳು. ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ.

"ನಿಮ್ಮ ಪೆಟ್ಟಿಗೇಲಿ ಏನೂ ತಪ್ಪಿಲ್ಲಮ್ಮ" ಎಂದರು ನಫೀಸಾ ತುಸು ಹೊತ್ತಿನ ಮೇಲೆ. "ಜಾಗ ಬೇಕಾದಷ್ಟಿದೆ. ವೈಫೈನೂ ಸರಿಯಿದೆ."

ನಾಗವೇಣಿಗೆ ಮೂಗು ಕೆರೆದುಕೊಳ್ಳುತ್ತಿದ್ದ ಗಂಗಾಧರ ಕಣ್ಣ ಮುಂದೆ ಬಂದ.

"ನಕಲು ಇಳಿದಾದ ಮೇಲೆ ಕಣಜ ತಾಳೆ ನೋಡತ್ತೆ. ಪಟ್ಟಿಯಲ್ಲಿ ಇರೋ ಮಾತು, ತನಗೆ ಬಂದಿರೋ ಮಾತು, ಎರಡೂ ಸಮ ಇರಬೇಕು. ಇಲ್ಲಿ ಇಲ್ಲ. ಪಟ್ಟಿಯೊಳಗೆ ಜಾಸ್ತಿ ಇದೆ, ಕೊಡ್ತಿರೋದು ಕಡಿಮೆ. ಏನನ್ನೋ ಹಿಡ್ಕೊಂಡು ಕೂತಿದೆ."

"ಏನನ್ನ?"

"ತಡೆಹಿಡಿದ ಮಾತು ಅಂತೀವಿ ನಾವು." ನಫೀಸಾ ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿದರು. "ನಮಗೆ ನಿಮಗೆ ಏನಾದ್ರೂ ಅನ್ನಬೇಕು ಅನ್ಸಿ, ಬೇಡ ಅಂತ ನುಂಗ್ಕೋತೀವಲ್ಲ? ಇವರಿಗೂ ಆ ಹಕ್ಕು ಇರಬೇಕು ಅಂತ ನಾವು ಹಟ ಹಿಡಿದು ಮಾಡಿದ್ದು. ಧರಿಸಿದವರು ಹಿಂತೆಗೆದುಕೊಂಡ ಮಾತನ್ನ ಪಟ್ಟಿ ಬೀಗ ಹಾಕಿ ಒಳಗೇ ಇಟ್ಕೊಳ್ಳುತ್ತೆ. ಯಾರಿಗೂ ಕೇಳಿಸಲ್ಲ, ನಕಲಿಗೂ ಕೊಡಲ್ಲ. ಸಾಮಾನ್ಯವಾಗಿ ಅಂಥವು ನೂರಕ್ಕೆ ಒಂದೋ ಎರಡೋ ಇರುತ್ವೆ, ಲೆಕ್ಕಕ್ಕೆ ಬರಲ್ಲ. ಇಲ್ಲಿ..." ಫಲಕವನ್ನು ಇನ್ನೊಮ್ಮೆ ನೋಡಿದರು. "ಇಲ್ಲಿ ಆಡಿದ್ದಕ್ಕಿಂತ ತಡೆದದ್ದೇ ಹೆಚ್ಚಿದೆ."

ನಾಗವೇಣಿ ಮಗಳ ಕಡೆ ನೋಡಿದಳು. ದಿನವಿಡೀ ವಟಗುಟ್ಟುವ, ಪಕ್ಕದ ಮನೆಯವರನ್ನೂ ನಗಿಸುವ ಹುಡುಗಿ. ಏನನ್ನು ತಡೆದಾಳು?

"ಊಟ ಮಾಡಿ ಡಾಕ್ಟ್ರಮ್ಮ, ಆಮೇಲೆ ಯಂತ್ರ ನೋಡೀರಂತೆ" ಎನ್ನುತ್ತಾ ಹಾಲಮ್ಮ ಮುದ್ದೆ, ಅವರೆಕಾಳು ಸಾರು ತಂದಿಟ್ಟಳು. ತಾನು ಸಿಂಚನಳ ಪಕ್ಕ ಕುಳಿತು, ಅವಳನ್ನು ಕಂಕುಳಲ್ಲಿ ಎತ್ತಿ ನೇರ ಕೂರಿಸಿ, ಸಾರಲ್ಲಿ ಅದ್ದಿದ ತುತ್ತನ್ನು ಬಾಯಿಗಿಟ್ಟಳು. ಕೂರಿಸುವಾಗ ಹುಡುಗಿಯ ಹುಬ್ಬು ಗಂಟಿಕ್ಕಿತು.

"ಸಾರು ಚೆನ್ನಾಗೈತೆ ಅಜ್ಜಿ" ಎಂದಿತು ಪಟ್ಟಿ.

ನಫೀಸಾ ತುತ್ತು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಅವರ ಫಲಕದ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿನುಗಿ ಆರಿತ್ತು. ಬೀಗದ ಗುರುತು.

ಅವರು ತಟ್ಟೆ ಸರಿಸಿ, ಫಲಕದ ಕಡೆಗೇ ನೋಡುತ್ತಾ ನಾಗವೇಣಿಗೆ ಹೇಳಿದರು: "ನಾವು ಬೇಗ ಏನಾದ್ರೂ ಮಾಡಬೇಕಮ್ಮ. ನಕಲು ಸಿಗೋ ಮುಂಚೆ ಈ ಪಟ್ಟಿ ಸತ್ತುಹೋದ್ರೆ ಮಗು ಮಾತು ಪೂರ್ತಿ..."

"ಬಿಡ್ತು ಅನ್ನಿ" ಎಂದಳು ಹಾಲಮ್ಮ ಗದರುವ ದನಿಯಲ್ಲಿ. "ಮಗು ಊಟಕ್ಕೆ ಕೂತೈತೆ. ಹಂಗೆಲ್ಲ ಬಾಯಲ್ಲಿ ತರಬಾರ್ದು. ಬಿಡ್ತು ಅನ್ನಿ ಮೊದ್ಲು."

"ಬಿಡ್ತು, ಬಿಡ್ತು" ಎಂದು ನಫೀಸಾ ಮುಗುಳ್ನಕ್ಕರು. "ನಮ್ಮ ಬೀದೀಲೂ ಒಬ್ಬರು ಅಜ್ಜಿ ಇದ್ರು, ನಾವು ಬಾಯಿ ಬಿಡೋದೇ ತಡ..."

ನಗು ಅಲ್ಲಿಗೇ ನಿಂತಿತು. ಫಲಕದಲ್ಲಿ ಕೆಂಪು ಚುಕ್ಕೆಗಳು ಒಂದರ ಹಿಂದೊಂದು ಮಿನುಗುತ್ತಿದ್ದವು. ಸಿಂಚನ ಏನೂ ಅಂದಿರಲಿಲ್ಲ. ಬಿಡ್ತು ಎಂಬುದು ಅವಳ ಕಿವಿಗೆ ಬಿದ್ದಿತ್ತಷ್ಟೇ.

"ಅಜ್ಜಿ, ಇವಳ ಕೈಲೂ ಬಿಡ್ತು ಅನ್ನಿಸ್ತೀರಾ?" ಎಂದು ಕೇಳಿದರು ನಫೀಸಾ.

"ಇನ್ನೇನ್ ಮತ್ತೆ?" ಹಾಲಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕೆಟ್ಟ ಮಾತು ಬಾಯಿಂದ ಬಂದ್ರೆ ಅನ್ನಿಸ್‌ಬೇಕಲ್ವಾ. ಆಗ ಆ ಮಾತು ಆಡೇ ಇಲ್ಲ ಅಂತ ಲೆಕ್ಕ. ಮೊದಮೊದ್ಲು ಹೇಳಿಕೊಡ್ಬೇಕಿತ್ತು. ಈಗ ಬಂಗಾರದಂಥ ಹುಡುಗಿ, ಕೆಟ್ಟ ಮಾತೇ ಬರಲ್ಲ."

ಹಾಲಮ್ಮ ಏಕೆ ಹಾಗೆ ಎಂಬುದು ನಾಗವೇಣಿಗೆ ಗೊತ್ತಿತ್ತು. ಸಿಂಚನ ಒಂದನೇ ತರಗತಿಯಲ್ಲಿದ್ದಾಗ ಒಂದು ಬೆಳಗ್ಗೆ ಬೈಕ್ ಹತ್ತುತ್ತಿದ್ದ ಗಂಗಾಧರನನ್ನು ನೋಡಿ, "ಅಪ್ಪ ವಾಪಸ್ ಬರದೇ ಹೋದ್ರೆ ನನ್ನನ್ನ ಸ್ಕೂಲಿಗೆ ಯಾರು ಎತ್ಕೊಂಡು ಹೋಗ್ತಾರೆ?" ಎಂದಿತ್ತು ಪಟ್ಟಿ. ಮಗು ಇಷ್ಟುದ್ದ ಮಾತಾಡಿತೆಂದು ಗಂಡಹೆಂಡತಿ ಇಬ್ಬರೂ ಹಿಗ್ಗಿದ್ದರು. ಬಚ್ಚಲ ಒಲೆ ಹಚ್ಚುತ್ತಿದ್ದ ಹಾಲಮ್ಮ ಕೇಳಿಸಿಕೊಂಡೂ, ಕೈ ಮಸಿಯಾಗಿದೆಯೆಂದು ಎದ್ದು ಬರಲಿಲ್ಲ. ಆ ರಾತ್ರಿ ಮರಳುವಾಗ ಗಂಗಾಧರ ಹೆದ್ದಾರಿಯಲ್ಲಿ ನಿಂತ ಲಾರಿಗೆ ಗುದ್ದಿದ. ಅಂದಿನಿಂದ ಅಳಿಯನನ್ನು ಕಳೆದುಕೊಂಡ ಆ ಹೆಂಗಸು ಮೊಮ್ಮಗಳ ಒಂದು ಮಾತನ್ನೂ ಹಾಗೇ ಹೋಗಲು ಬಿಟ್ಟವಳಲ್ಲ. ಕಾಲು ನೋವೆಂದರೆ ಬಿಡ್ತು. ಬೇಜಾರೆಂದರೆ ಬಿಡ್ತು. ಹೆದರಿಕೆ ಅಂದರೂ ಬಿಡ್ತು. ಪಾಳಿ ಮುಗಿಸಿ ಬರುತ್ತಿದ್ದ ನಾಗವೇಣಿ ಅದನ್ನು ಕೇಳಿಯೂ ಕೇಳದವಳಂತಿದ್ದಳು. ನಿಜ ಹೇಳಬೇಕೆಂದರೆ, ಮನೆಯಲ್ಲಿ ಗೋಳಿನ ಮಾತು ಇಲ್ಲದಿರುವುದು ಅವಳಿಗೂ ಹಿತವಾಗಿತ್ತು.

ನಫೀಸಾ ಊಟ ಮುಗಿಸಲಿಲ್ಲ. ನಾಗವೇಣಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ಹೇಳಿದರು.

"ಮೊದಮೊದ್ಲು ಅವಳು ಮಾತಾಡಿದ ಮೇಲೆ ಬಿಡ್ತು ಅಂತಿದ್ಲು. ಪಟ್ಟಿ ಆ ಮಾತಿಗೆ ಬೀಗ ಹಾಕ್ತಿತ್ತು. ಆಮೇಲೆ ಅದಕ್ಕೆ ವರಸೆ ತಿಳೀತು. ನಮ್ಮ ಪಟ್ಟಿ ಮುಂದಾಗಿ ಊಹಿಸುತ್ತೆ, ಅದರಲ್ಲಿ ಅದು ಜಾಣ. ಇಂಥ ಮಾತಾಡಿದ್ರೆ ಹೇಗೂ ವಾಪಸ್ ತಗೋತಾಳೆ ಅಂತ ಗೊತ್ತಾಗಿ, ಬಾಯಿಗೆ ಬರೋ ಮೊದಲೇ ಬೀಗ ಹಾಕೋಕೆ ಶುರು ಮಾಡಿದೆ. ಅವಳು ಹೇಳ್ತಾನೇ ಇದಾಳೆ, ನಾಗವೇಣಿ. ತಮಾಷೆ ಬಿಟ್ರೆ ಬೇರೇದು ಹೊರಗೆ ಬರ್ತಿಲ್ಲ."

"ಏನು ಹೇಳ್ತಿದಾಳೆ?"

"ಬೀಗ ತೆಗೀದೆ ನನಗೂ ಕಾಣಲ್ಲ. ಆದ್ರೆ ಯಾವ ಅಂಗದ ನರ ಮಿಡಿದಾಗ ಹುಟ್ಟಿದ ಮಾತು ಅನ್ನೋದು ಮಾತ್ರ ಕಾಣತ್ತೆ." ನಫೀಸಾ ಅವಳ ಮುಖ ನೋಡಲಿಲ್ಲ. "ಹೆಚ್ಚಿನವು ಎಡ ಸೊಂಟದ್ದು. ಸುಮಾರು ಎರಡು ವರ್ಷದಿಂದ."

ನಾಗವೇಣಿ ಕಲ್ಲಿನ ಮೇಲೆ ಕುಳಿತಳು. ದಿನಾ ಬೆಳಗ್ಗೆ ಎಡಗೈಯನ್ನು ಆ ಸೊಂಟದಡಿ ತೂರಿಸಿ ಎತ್ತುತ್ತಿದ್ದವಳು ಅವಳೇ. ಎತ್ತಿದ ಕೂಡಲೇ ಪಟ್ಟಿ ಏನಾದರೊಂದು ತಮಾಷೆ ಹೇಳುತ್ತಿತ್ತು. "ಅಮ್ಮ, ನಿನ್ನ ತಲೇಲಿ ಎಣ್ಣೆ ಮಿಲ್ಲೇ ಐತೆ" ಎಂಬಂಥದ್ದು. ನಕ್ಕು, ಕುರ್ಚಿಗಿಳಿಸಿ, ಬಸ್ಸಿಗೆ ಓಡುತ್ತಿದ್ದಳು.

"ಆ ಮಾತುಗಳನ್ನ ಬಿಟ್ಟು ಮಿಕ್ಕಿದ್ದನ್ನ ನಕಲು ಮಾಡೋಕಾಗಲ್ವಾ ಮೇಡಂ?"

"ಹೆಣಿಗೆ ಅಲ್ವಾ? ಒಂದು ಎಳೆ ಹಿಡ್ಕೊಂಡೇ ಇನ್ನೊಂದು ನಿಂತಿರತ್ತೆ. ಅಷ್ಟು ಎಳೆ ಕಿತ್ರೆ ಉಳಿದದ್ದೂ ಉದುರಿಹೋಗತ್ತೆ. ಬೀಗ ತೆಗೀಬೇಕು. ತೆಗೆದ್ರೆ ಪಟ್ಟಿ ಅವನ್ನೆಲ್ಲ ಒಂದು ಸಲ ಗಟ್ಟಿಯಾಗಿ ಹೇಳಿ ಮುಗಿಸುತ್ತೆ. ಹಳೇದು ಮೊದಲು. ಗುಟ್ಟಾಗಿ ಯಾರೂ ತೆಗೀಬಾರದು ಅಂತ ನಾವೇ ಹಾಗೆ ಮಾಡಿಟ್ಟಿದೀವಿ. ಇನ್ನೊಂದು, ಅವಳು ಒಪ್ಪಬೇಕು."

ಒಳಗೆ ಬಂದು ಹೇಳಿದಾಗ ಹಾಲಮ್ಮ ಬೆಚ್ಚಿದಳು. "ಬೇಡ ಕಣೇ. ಬಿಟ್ಟ ಮಾತನ್ನ ಯಾರಾದ್ರೂ ಮತ್ತೆ ಎತ್ತುತಾರಾ? ಹೋದ್ರೆ ಹೋಗ್ಲಿ, ಹೊಸ್ದಾಗೇ ಕಲೀತಾಳೆ. ಐದು ವರ್ಷದೋಳಿಗೆ ಕಲಿಸ್ಲಿಲ್ವಾ ನಾವು."

"ಆಗ ಅವರಪ್ಪ ಇದ್ರು, ಅಮ್ಮ" ಎಂದಳು ನಾಗವೇಣಿ. ಹಾಲಮ್ಮ ಹಿಂದೆ ಸರಿದು ಗೋಡೆಗೆ ಒರಗಿದಳು.

ನಾಗವೇಣಿ ಮಗಳ ಎದುರು ಮಂಡಿಯೂರಿದಳು. "ಸಿಂಚು, ಎಲ್ಲಾ ಕೇಳಿಸ್ಕೊಂಡಿದೀಯ. ತೆಗೀಲಾ?"

"ಅಮ್ಮ, ನೀನು ಇವತ್ತು ರಜ ಹಾಕಿರೋದೇ ದೊಡ್ಡ ಹಬ್ಬ" ಎಂದಿತು ಪಟ್ಟಿ. ಫಲಕದಲ್ಲಿ ಕೆಂಪು ಚುಕ್ಕೆಗಳು ಸುರಿದವು.

ಪಟ್ಟಿ ಬರುವುದಕ್ಕಿಂತ ಮುಂಚೆ, ಐದು ವರ್ಷ, ಅವರಿಬ್ಬರ ನಡುವೆ ಇದ್ದದ್ದು ಕಣ್ಣಿನ ಮಾತು. ಹೌದೆಂದರೆ ಸಿಂಚನ ಕಣ್ಣನ್ನು ಸೂರಿನತ್ತ ಎತ್ತುವಳು. ಇಲ್ಲವೆಂದರೆ ಗಟ್ಟಿಯಾಗಿ ಮುಚ್ಚುವಳು. ಧ್ವನಿ ಬಂದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಕೇಳಲು ಮಾತಿರುವಾಗ ನಾಗವೇಣಿ ಒಲೆಯ ಮುಂದೆ ನಿಂತು, ಬೆನ್ನು ಹಾಕಿ, ಚಪ್ಪಲಿ ಮೆಟ್ಟುತ್ತಾ ಉತ್ತರ ಕೊಡುವುದು ರೂಢಿಯಾಗಿತ್ತು.

ಅವಳು ಮಗಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. "ಪಟ್ಟಿ ಏನಾದ್ರೂ ಅನ್ಲಿ. ನೀನ್ ಹೇಳು. ತೆಗೀಲಾ?"

ಹುಡುಗಿಯ ಕಣ್ಣು ಮೊದಲು ಅಜ್ಜಿಯ ಕಡೆ ಹೋಯಿತು. ಅಲ್ಲಿ ತುಸು ಹೊತ್ತು ನಿಂತಿತು. ಆಮೇಲೆ ನಿಧಾನವಾಗಿ ಸೂರಿನತ್ತ ಎದ್ದಿತು.

ನಫೀಸಾ ಬೀಗ ತೆಗೆದರು.

ಮೊದಲು ಬಂದದ್ದು ಸಿಂಚನಳ ಈಗಿನ ಧ್ವನಿಯಲ್ಲ. ಮಾತು ಹುಟ್ಟಿದಾಗಿನ ವಯಸ್ಸಿನ ಧ್ವನಿಯೇ ಅದಕ್ಕೆ ಅಂಟಿಕೊಂಡಿತ್ತು. ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಕೇಳದಿದ್ದ, ಒಂದನೇ ತರಗತಿಯ ಮಗುವಿನ ಕೀರಲು ದನಿ.

"ಅಜ್ಜೀ, ನಾನು ಹಂಗಂದಿದ್ದಕ್ಕೇ ಅಪ್ಪ ಬರ್ಲಿಲ್ವಾ?"

ಗೋಡೆಗೊರಗಿದ್ದ ಹಾಲಮ್ಮನ ತುಟಿ ರೂಢಿಯಂತೆ ತೆರೆದುಕೊಂಡಿತು. 'ಬಿ' ಎಂಬಷ್ಟು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಪಟ್ಟಿ ಯಾರ ಉತ್ತರಕ್ಕೂ ಕಾಯಲಿಲ್ಲ. "ಅಜ್ಜೀ, ನಾನು ಹಂಗಂದಿದ್ದಕ್ಕಾ?" ಮತ್ತೆ ಅದೇ. ಬೇರೆ ಬೇರೆ ದಿನದ್ದು, ಬೇರೆ ಬೇರೆ ಹೊತ್ತಿನದು. ನಡುನಡುವೆ, "ಅಪ್ಪನ ಬೈಕ್ ಯಾರು ತಗೊಂಡ್ರು?" "ಕತ್ಲೆ ಅಂದ್ರೆ ಭಯ." "ಆ ಟೀಚರು ನನ್ನ ಮುಟ್ಟಿ ಕೈ ಒರೆಸ್ಕೋತಾರೆ." ಧ್ವನಿ ಬಲಿಯುತ್ತಾ ಬಂತು. ಆಮೇಲೆ ಸೊಂಟ ಶುರುವಾಯಿತು. "ನೋಯ್ತೈತೆ ಅಮ್ಮ." "ಆ ಕಡೆ ಕೈ ಹಾಕ್ಬೇಡ ಅಮ್ಮ." "ಮೆಲ್ಲಗೆ." "ಅಮ್ಮ, ಮೆಲ್ಲಗೆ." ಬೆಳಗಿನ ನಂತರ ಬೆಳಗು, ಎಣಿಸಲಾರದಷ್ಟು ಬೆಳಗು. ನಾಗವೇಣಿ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕುಳಿತೇ ಇದ್ದಳು. ಬಿಸಿಲು ಹೊಸ್ತಿಲಿನಿಂದ ಹಿಂದೆ ಸರಿಯಿತು. ಮುದ್ದೆ ತಟ್ಟೆಯಲ್ಲೇ ಒಣಗಿತು.

ಕೊನೆಕೊನೆಗೆ ಈಗಿನ ಧ್ವನಿ: "ನಾನಿಲ್ದಿದ್ರೆ ಅಮ್ಮಂಗೆ ಒಂದೇ ಪಾಳಿ ಸಾಕಾಗ್ತಿತ್ತು."

ಪಟ್ಟಿ ಸುಮ್ಮನಾಯಿತು. ಗೂಡಿನಲ್ಲಿ ಕಣಜ ಒಮ್ಮೆ ಗುಂಯ್‌ಗುಟ್ಟಿ, ಕಿತ್ತಳೆ ದೀಪ ಆರಿ, ಹಸಿರು ಹತ್ತಿಕೊಂಡಿತು. ನಕಲು ತಾಳೆಯಾಗಿತ್ತು. ಯಾರೂ ಅತ್ತ ನೋಡಲಿಲ್ಲ.

ಹಾಲಮ್ಮ ತೆವಳಿದಂತೆ ಬಂದು ಮೊಮ್ಮಗಳ ಪಾದ ಹಿಡಿದಳು. "ಅಲ್ಲ ಕಣವ್ವ" ಎಂದಳು. ಮೊದಲ ಪ್ರಶ್ನೆಗೆ ಉತ್ತರ ಅದು. "ನಿನ್ನಿಂದ ಅಲ್ಲ. ಲಾರಿ ಲೈಟು ಹಾಕಿರ್ಲಿಲ್ಲ. ಅಷ್ಟೇ ಆಗಿದ್ದು. ಮಾತಿಂದ ಯಾರೂ ಸಾಯಲ್ಲ." ಸಾಯುವ ಮಾತನ್ನು ಆಕೆ ಮನೆಯೊಳಗೆ ಆಡಿದ್ದು ನಾಗವೇಣಿಗೆ ನೆನಪಿರುವಂತೆ ಅದೇ ಮೊದಲು.

ನಫೀಸಾ ತಂತಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಮರ್ಯಾದೆ ಕಾಯಲಿ ಅಂತ ಕೊಟ್ಟ ಬೀಗ ಅದು" ಎಂದರು, ತಮಗೆ ತಾವೇ ಎಂಬಂತೆ. "ಕೀಲಿ ಯಾರ ಕೈಗೆ ಹೋಗತ್ತೆ ಅಂತ ಯೋಚನೆ ಮಾಡ್ಲಿಲ್ಲ."

ಆ ವಾರವೇ ಎಕ್ಸ್-ರೇ ಆಯಿತು. ಎಡ ಸೊಂಟದ ಕೀಲು ಗುಳಿಯಿಂದ ಜಾರಿ ಬಹಳ ದಿನವಾಗಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ಸಣ್ಣ ಕೆಲಸವಾಗಿತ್ತು, ಈಗ ದೊಡ್ಡ ಆಪರೇಷನ್, ನೋವು ಪೂರ್ತಿ ಹೋಗುವುದೆಂದು ಹೇಳಲಾರೆ ಎಂದರು ಮೂಳೆ ವೈದ್ಯರು. ತಿಂಗಳ ಕೊನೆಗೆ ಹಳೆಯ ಪಟ್ಟಿ ತೆಗೆದು ಹೊಸದನ್ನು ಕೂರಿಸಿದರು. ಕಣಜದಲ್ಲಿದ್ದ ಹೆಣಿಗೆ ಒಂದು ಎಳೆಯೂ ತಪ್ಪದೆ ಅದರೊಳಗೆ ಇಳಿಯಿತು. ಪಟ್ಟಿ ತಾನಾಗಿ ಬೀಗ ಹಾಕುವ ಗುಣವನ್ನು ನಫೀಸಾ ಕಿತ್ತುಹಾಕಿದ್ದರು.

ಮಾರನೆಯ ಬೆಳಗ್ಗೆ ನಾಗವೇಣಿ ಎರಡನೇ ಪಾಳಿಗೆ ಬರುವುದಾಗಿ ಮಿಲ್ಲಿಗೆ ಹೇಳಿ ಮನೆಯಲ್ಲೇ ಇದ್ದಳು. ಮಗಳನ್ನು ಬಲಗಡೆಯಿಂದ ಹಿಡಿದು, ಮುಖ ನೋಡುತ್ತಾ, ಮೆಲ್ಲಗೆ ಎತ್ತಿ ಕುರ್ಚಿಗೆ ಇಳಿಸಿದಳು. ಹಾಲಮ್ಮ ದೋಸೆ ಹಾಕಿ ತಂದಳು.

"ದೋಸೆ ಸೀದೈತೆ ಅಜ್ಜಿ" ಎಂದಿತು ಹೊಸ ಪಟ್ಟಿ. ಧ್ವನಿ ಅದೇ. ತುಸು ತಡೆದು ಮುಂದುವರಿಯಿತು: "ಸೊಂಟ ನೋಯ್ತೈತೆ."

ತಾಯಿ, ಅಜ್ಜಿ ಇಬ್ಬರೂ ಅವಳತ್ತ ತಿರುಗಿದರು.

"ಬಿಡ್ತು" ಎಂದಿತು ಪಟ್ಟಿ.

ಯಾವ ಯಂತ್ರವೂ ಅದನ್ನು ಅನ್ನಿಸಿರಲಿಲ್ಲ. ನಕಲು ಅಷ್ಟು ಸರಿಯಾಗಿ ಇಳಿದಿತ್ತು. ಮಾತಿನ ಜೊತೆ ಮಾತಿನ ಹೆದರಿಕೆಯೂ ತಾಳೆಯಾಗಿತ್ತು.

ಹಾಲಮ್ಮ ತಟ್ಟೆಯನ್ನು ನೆಲಕ್ಕಿಟ್ಟು, ಮೊಮ್ಮಗಳ ಎದುರು ಕುಳಿತು, ಅವಳ ಸೆಟೆದ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು.

"ಅದಲ್ಲವ್ವ" ಎಂದಳು. "ಅದಕ್ಕೂ ಮುಂಚೆ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."